ಕುಂಚಿಗೆಯೊಳಗಿನ ಉಸಿರು

ಹೇಳಿ ಕೇಳಿ ತೊಟ್ಟಿಲ ಕಾರ್ಯದ ಮನೆ. ಹಿಮಾಯತ್‌ನಗರದ ಆ ಮೂರನೇ ಮಹಡಿಯ ಫ್ಲಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಯಿ ಹಾಕಲು ಮಾತ್ರ ಎಲ್ಲರಿಗೂ ಜಾಗವಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದ ದೀಪಾಲಿ ಬೆಳಿಗ್ಗೆಯಿಂದ ಸಿಡಿಮಿಡಿಗೊಂಡಿದ್ದಳು. ಮೂರು ವಾರದ ಮಗ ಮಡಿಲಲ್ಲಿದ್ದ. ಮೈಗೆ ಸ್ವೆಟರು, ಅದರ ಮೇಲೆ ಗಂಡನ ಮನೆಯವರು ಲಿಂಗಂಪಲ್ಲಿಯಿಂದ ತಂದ, ತಲೆ ಮೈ ಮುಚ್ಚಿ ಕಟ್ಟುವ ಜರಿಯ ಕುಂಚಿಗೆ, ಅದರ ಮೇಲೊಂದು ದುಪ್ಪಟಿ. ಹೊರಗೆ ಕಾಣುತ್ತಿದ್ದುದು ಒಂದು ಹಿಡಿಯಷ್ಟು ಮುಖ. ಉಸಿರು ಬಿಟ್ಟಾಗೆಲ್ಲ ಅವನ ಗಂಟಲಿಂದ ಸಣ್ಣಗೆ ‘ಹ್ಞೂಂ, ಹ್ಞೂಂ’ ಎಂಬ ನರಳಿಕೆ ಬರುತ್ತಿತ್ತು. ಬೆಳಿಗ್ಗೆಯಿಂದ ಹಾಲಿಗೆ ಬಾಯಿ ಹಾಕುವುದು, ಎರಡು ಗುಟುಕಿಗೆ ಸುಸ್ತಾಗಿ ಬಿಡುವುದು.

“ಅವ್ವಾ, ಈ ಸಪ್ಪಳ ಕೇಳು. ಸರಿ ಇಲ್ಲ ಇದು,” ಎಂದಳು.

ಪಾರ್ವತಿಬಾಯಿ ಸರ್ಕಾರಿ ಕಚೇರಿಯಲ್ಲಿ ಇಡೀ ಸೆಕ್ಷನ್ ನಡುಗಿಸಿ ನಿವೃತ್ತಳಾದ ಹೆಂಗಸು. ಮೊಮ್ಮಗನತ್ತ ಬಾಗಿ ನಕ್ಕಳು. “ಶೆಟಗೆವ್ವ ಆಡಸಾಕತ್ತಾಳವ್ವ. ಆಕಿ ಜೋಡಿ ಮಾತಾಡ್ತೈತಿ ಕೂಸು. ನೀನೂ ಹಿಂಗ ಮಾಡ್ತಿದ್ದಿ.”

ಐದನೇ ದಿನ ಬಂದು ಹಣೆಬರಹ ಬರೆದ ಶೆಟಗೆವ್ವ ಆಮೇಲೂ ಬಂದು ಕೂಸನ್ನು ನಗಿಸುತ್ತಾಳೆ, ಅಳಿಸುತ್ತಾಳೆ ಎಂಬುದು ಆ ಮನೆಯ ಮಾತು. ದೀಪಾಲಿಗೂ ಅದು ಇಷ್ಟವೇ. ನಿದ್ದೆಯಲ್ಲಿ ನಕ್ಕರೆ ಶೆಟಗೆವ್ವ, ತುಟಿ ಸೊಟ್ಟ ಮಾಡಿದರೆ ಶೆಟಗೆವ್ವ, ಇರಲಿ. ಆದರೆ ಉಸಿರಾಟವನ್ನೂ ಆ ದೇವರ ತಲೆಗೇ ಕಟ್ಟಿ ತಾವು ಹೋಳಿಗೆ ತಟ್ಟುತ್ತ ಕೂತರೆ ಏನೆನ್ನಬೇಕು?

ಗಂಡ ಚೇತನಕುಮಾರನನ್ನು ಕರೆದರೆ ಅವನದು ಇನ್ನೊಂದು ರಾಗ. “ಮತ್ತ ಸುರು ಆತೇನು?” ಎಂದು ನೆಂಟರ ಕಡೆ ತಿರುಗಿದ. “ಎರಡು ಸಲ ದವಾಖಾನಿಗೆ ಓಡಿಸ್ಯಾಳ್ರಿ ನನ್ನ. ಕೂಸಿನ ಉಸರು ನಿಂತೈತಿ ಅಂತ. ಡಾಕ್ಟರ್ ನೋಡಿ ನಾರ್ಮಲ್ ಅಂದ್ರು.” ಎಲ್ಲರೂ ನಕ್ಕರು. ಬಾಣಂತಿಯ ಭಯವೆಂದರೆ ಊಟದ ಎಲೆಯ ಮೇಲಿನ ಉಪ್ಪಿನಕಾಯಿ ಇದ್ದಂತೆ, ನೆಕ್ಕದವರಿಲ್ಲ.

ಓಡಿದ್ದು ನಿಜ. ಆಗ ಮಗ ಸರಸರ ಉಸಿರಾಡಿ, ನಾಲ್ಕಾರು ಕ್ಷಣ ಸುಮ್ಮನಾಗಿ, ಮತ್ತೆ ತಾನೇ ಶುರು ಮಾಡುತ್ತಿದ್ದ. ಎಳೆ ಕೂಸುಗಳು ಹೀಗೇ, ಮೈಬಣ್ಣ ಚೆನ್ನಾಗಿದ್ದರೆ ಹೆದರಬೇಡಿ ಎಂದಿದ್ದರು ಡಾಕ್ಟರು. ಆದರೆ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಉಸಿರೆಳೆದಾಗ ಪಕ್ಕೆಲುಬಿನ ಸಂದು ಒಳಕ್ಕೆ ಕುಸಿದರೆ, ಮೂಗಿನ ಹೊಳ್ಳೆ ಅರಳಿದರೆ, ನರಳಿದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಯಾರನ್ನೂ ಕೇಳಬೇಡಿ, ತಕ್ಷಣ ಬನ್ನಿ ಎಂದಿದ್ದರು. ಚೇತನಕುಮಾರ ಆ ಹೊತ್ತಿಗೆ ಎದ್ದು ಗಾಡಿ ಕೀಲಿ ಹುಡುಕುತ್ತಿದ್ದ. ‘ನಾರ್ಮಲ್’ ಒಂದನ್ನೇ ಕಿವಿಗೆ ಹಾಕಿಕೊಂಡು ಬಂದಿದ್ದ, ಪುಣ್ಯಾತ್ಮ.

ದೀಪಾಲಿ ಮಗನ ಹೊಳ್ಳೆ ನೋಡಿದಳು. ಅರಳುತ್ತಿತ್ತು. ಎದೆ ನೋಡೋಣವೆಂದರೆ ಕುಂಚಿಗೆಯ ಕಟ್ಟು ಅಡ್ಡ. ಬಿಚ್ಚಲು ಕೈ ಹಾಕಿದಳು.

“ಏಯ್, ಸೋದರತ್ತಿ ಹೊದಿಸಿದ್ದು ಅದು. ಹೆಸರು ಇಡೂತನ ಬಿಚ್ಚಬಾರದು. ಬೀಗರ ಮುಂದ ನನ್ನ ಮಾನ ಕಳೀಬ್ಯಾಡ,” ಎಂದು ಪಾರ್ವತಿಬಾಯಿ ಮಗಳ ಕೈ ಹಿಡಿದಳು.

ಕೋಪ ನೆತ್ತಿಗೇರಿತು. ದೀಪಾಲಿ ಹುಟ್ಟಿದಾಗಿನಿಂದ ತಾಯಿಯ ಕೈ ಕೊಡವಿದವಳಲ್ಲ, ಅವತ್ತು ಕೊಡವಿದಳು. ಕಟ್ಟು ಬಿಚ್ಚಲಿಲ್ಲ, ಕಿತ್ತಳು. ಜರಿ ಹರಿದ ಸದ್ದು ಎಲ್ಲರಿಗೂ ಕೇಳಿಸಿತು. ಸ್ವೆಟರು ಎತ್ತಿದಳು. ಆ ಪುಟ್ಟ ಎದೆಯ ಕೆಳಗೆ, ಪ್ರತಿ ಉಸಿರಿಗೂ, ಯಾರೋ ಒಳಗಿಂದ ಎಳೆದ ಹಾಗೆ ಗುಂಡಿ ಬೀಳುತ್ತಿತ್ತು. ತುಟಿಯ ಸುತ್ತ ಬೂದಿ ಬಣ್ಣ. ನಗುತ್ತಿದ್ದವರೆಲ್ಲ ಹಿಂದೆ ಸರಿದರು.

“ಹತ್ತ ನಿಮಿಷ ತಡಿ,” ಎಂದ ಚೇತನಕುಮಾರ, ದನಿ ಸಣ್ಣದಾಗಿತ್ತು. “ಮುಹೂರ್ತ ಬಂತು. ಕಿವ್ಯಾಗ ಹೆಸರು ಹೇಳಿಬಿಟ್ರ ಹೋಗೂಣ.”

“ನೀವು ಹೆಸರು ಹೇಳ್ಕೋತ ಕುಂದರ್ರಿ. ನಾ ಹೊಂಟೆ.”

ಮಗನನ್ನು ಎದೆಗೆ ನೆಟ್ಟಗೆ ಹಿಡಿದು ಅವಳು ಮೆಟ್ಟಿಲು ಇಳಿದಳು. ಬಾಣಂತಿ ಬರಿಗಾಲಲ್ಲಿ ರಸ್ತೆಗೆ ಬಂದು ಆಟೋಗೆ ಅಡ್ಡ ನಿಂತಿದ್ದನ್ನು ನೋಡಿ ಕೆಳಗಿನ ಸೀರೆ ಅಂಗಡಿಯವರೂ ಹೊರಗೆ ಬಂದರು. ಆಟೋ ಹೊರಡುವಾಗ ಗಂಡ ಓಡಿಬಂದು ಹತ್ತಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಮಗನನ್ನು ಕೈಯಿಂದ ಇಸಕೊಂಡು ಒಳಗೆ ಒಯ್ದರು. ಮೂಗಿಗೆ ಆಕ್ಸಿಜನ್ ನಳಿಕೆ, ಕಾಲಿಗೆ ಒಂದು ತಂತಿ, ಕೈಗೆ ಸೂಜಿ. ನ್ಯುಮೋನಿಯಾ ಎಂದರು ಡಾಕ್ಟರು. ಔಷಧಿ ಶುರುವಾಗಿದೆ, ಎರಡು ದಿನ ಕಳೆಯದೆ ಏನೂ ಹೇಳಲಾರೆ, ಆದರೆ ಇನ್ನೂ ತಡ ಮಾಡಿ ಬಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಚೇತನಕುಮಾರ ಗೋಡೆಗೆ ಆತು ನಿಂತು ಅತ್ತ. ದೀಪಾಲಿಗೆ ಅವನ ಅಳು ನೋಡಿ ಕರುಣೆ ಬರಲಿಲ್ಲ, ಮೈ ಮತ್ತಷ್ಟು ಉರಿಯಿತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪಾರ್ವತಿಬಾಯಿ. ಅವನು ಆಕ್ಸಿಜನ್ ಹಚ್ಚಿದ್ದನ್ನಷ್ಟೇ ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

“ಹೆಂಗೈತವ್ವ ಕೂಸು? ಆಕ್ಸಿಜನ್ ಹಚ್ಯಾರಂತ? ಆರಾಮಾಗ್ತೈತಿ, ಅಂಜಬ್ಯಾಡ.” ತಾಯಿ ದನಿ ತಗ್ಗಿಸಿದಳು. “ಬೀಗರು ಇನ್ನೂ ಎಲಿ ಮುಂದ ಕುಂತಿಲ್ಲ. ಫೋನ್ ಕೂಸಿನ ಕಿವಿಗೆ ಹಿಡಿ, ಸೋದರತ್ತಿ ಇಲ್ಲಿಂದನ ಹೆಸರು ಕೂಗ್ತಾಳ.”

“ಹೆಸರು ಇಟ್ಕೊಳ್ಳಾಕ ಅಂವ ಇರಬೇಕಲ್ಲವ್ವ,” ಎಂದಳು ದೀಪಾಲಿ.

ಆ ಕಡೆ ದನಿ ಏರಿತು. “ಎಂಥಾ ಮಾತು ಆಡ್ತೀಯ. ಬಿಡ್ತು ಅನ್ನು, ಮದ್ಲ ಬಿಡ್ತು ಅನ್ನು.”

“ನಾ ಅನ್ನಂಗಿಲ್ಲ. ಮುಂಜಾನಿಂದ ನನ್ನ ಮಗ ಉಸರಿಗೆ ಒದ್ದಾಡಾಕತ್ತಿದ್ದ. ನೀ ನಕ್ಕಿ. ನನ್ನ ಕೈ ಹಿಡದಿ. ಬಿಡ್ತು ಅನ್ನಾಕಿ ನೀನು.”

ಪಾರ್ವತಿಬಾಯಿಯ ಹಿಂದೆ ಹೆಂಗಸರ ಗುಸುಗುಸು ಕೇಳುತ್ತಿತ್ತು, ಪಾತ್ರೆಯೊಂದು ಬಿದ್ದ ಸದ್ದೂ ಕೇಳಿತು. ದೀಪಾಲಿ ಫೋನು ಇಡಲಿಲ್ಲ. ಗಾಜಿನಾಚೆ ಮಗನ ಎದೆ ಏಳುವುದನ್ನು, ಕುಸಿಯುವುದನ್ನು ನೋಡುತ್ತ ಕಾದಳು. ಕಡೆಗೆ, ಬೀಗರೆಲ್ಲ ಸುತ್ತ ನಿಂತಿದ್ದ ಆ ಮನೆಯ ನಡುವಿನಿಂದ, ತಾಯಿಯ ದನಿ ಬಂತು.

“ಬಿಡ್ತವ್ವ,” ಎಂದಳು ಪಾರ್ವತಿಬಾಯಿ. “ಬಿಡ್ತು.”