ಇನ್ನೊಂದು ಪ್ರತಿ

"ನನ್ನ ಗಂಡ ಹೊಲಿದ ಪುಸ್ತಕದ ಮೇಲೆ ಆನೆ ಕುಣಿದ್ರೂ ಒಂದು ಹಾಳೆ ಅಲುಗಲ್ಲ, ಗೊತ್ತಾ?" ಎನ್ನುತ್ತ ಬಾಯಕ್ಕ ಕಪಾಟಿಗೂ ನಾದಿನಿಯ ಮಗಳಿಗೂ ನಡುವೆ ನುಗ್ಗಿ, ಮರಕ್ಕೆ ಬೆನ್ನು ಅಂಟಿಸಿ ನಿಂತುಬಿಟ್ಟಳು. ಹುಡುಗಿಯ ಕೈಯಲ್ಲಿ ಆಗಲೇ ಒಂದು ಪುಸ್ತಕವಿತ್ತು. ಮಗುವಿನ ಕೈಯಿಂದ ಚಾಕು ಕಸಿಯುವಂತೆ ಬಾಯಕ್ಕ ಅದನ್ನು ಕಸಿದು ಬೆನ್ನ ಹಿಂದಿನ ಸಾಲಿಗೆ ತುರುಕಿದಳು.

"ಆನೆ ಯಾವಾಗ ಬಂದಿತ್ತು ಅತ್ತೆ ಈ ಮನೆಗೆ?"

"ಆನೆ ಅನ್ನೋದು ಅರ್ಧ ಸುಳ್ಳು ಕಣೆ. ತುಳಿದಿದ್ದಂತೂ ನಿಜ. ಅಟ್ಟದ ಡಬ್ಬ ಇಳಿಸ್ತೀನಿ ಅಂತ ನಾಕು ಪುಸ್ತಕ ಒಟ್ಟಿ, ನಿಮ್ಮಮ್ಮ ಹತ್ತಿ ನಿಂತಿದ್ಲು."

ಬೆಳಗಿನಿಂದ ಅತ್ತು ಮೂಗು ಕೆಂಪಾಗಿಸಿಕೊಂಡಿದ್ದ ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು. ಬಾಯಕ್ಕನಿಗೆ ಬೇಕಾದದ್ದೂ ಅದೇ. ನಗುವವರ ಕೈ ಸಡಿಲವಾಗುತ್ತದೆ.

ನಡುಮನೆಯಲ್ಲಿ, ಬೆಂಚಿನ ಮೇಲೆ, ಬಿಳಿ ಹೊದಿಕೆಯ ಕೆಳಗೆ ಗೋಂದಣ್ಣ ಮಲಗಿದ್ದ. ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿ ಮಾಡಿ ಉಗುರಿನ ಸಂದಿಯಿಂದ ಗೋಂದು ಹೋಗದವನಿಗೆ ಬೀದಿಯವರು ಇಟ್ಟ ಹೆಸರು ಅದು. ಅವನು ಹುಟ್ಟಿದಾಗಿನಿಂದ ಆಡಿದ ಮಾತೆಲ್ಲ ಗುಡಿಸಿ ರಾಶಿ ಹಾಕಿದರೂ ಬಾಯಕ್ಕನ ಒಂದು ಬೆಳಗಿನ ಜಗಳಕ್ಕೆ ಸಾಲುತ್ತಿರಲಿಲ್ಲ. ಅವಳಿಗೆ ಆ ಹೆಸರು ಬಂದದ್ದೂ ಹಾಗೆಯೇ.

"ಅತ್ತೆ, ದಾರಿ ಬಿಡಿ. ಮಾವನಿಗೆ ಇಷ್ಟ ಇದ್ದ ಪುಸ್ತಕ ಯಾವ್ದು ಹೇಳಿ. ವ್ಯಾನ್ ಬರೋ ಮುಂಚೆ ಅವರ ಪಕ್ಕ ಕೂತು ಎರಡು ಪುಟ ಓದ್ತೀನಿ. ಪ್ರೆಸ್ ಮಾಲೀಕರೂ ಬರ್ತಿದ್ದಾರಂತೆ, ಅವರಿಗೂ ಖುಷಿ ಆಗುತ್ತೆ."

ಬಾಯಕ್ಕ ಬೆನ್ನನ್ನು ಕಪಾಟಿಗೆ ಇನ್ನಷ್ಟು ಒತ್ತಿದಳು.

"ನೀನು ಶಾಲೇಲಿ ಓದಿದ್ದು ಸಾಲ್ದಾ? ಸತ್ತ ಮೇಲೂ ಅವರಿಗೆ ಪಾಠನಾ?" ಎಂದು ರೇಗಿಸಿದಳು. ದನಿ ಮಾತ್ರ ಹಿಡಿದ ಹಾಗೆ ನಿಲ್ಲಲಿಲ್ಲ.

ಮಾಲೀಕ ಬಂದೇಬಿಟ್ಟ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಹೂವು ಇಟ್ಟು, ಕೈ ಕಟ್ಟಿಕೊಂಡು, ಬಂದವರೆಲ್ಲರಿಗೂ ಕೇಳಿಸುವಂತೆ ಹೇಳಿದ: "ನಮ್ಮಪ್ಪನ ಕಾಲದಿಂದ ಇದ್ದ ಜೀವ. ಇವರ ಕೈಯಿಂದ ಒಂದೇ ಒಂದು ಕೆಟ್ಟ ಪ್ರತಿ ಹೊರಗೆ ಹೋಗಿಲ್ಲ. ಇದನ್ನ ನಾನು ಎಲ್ಲಿ ಬೇಕಾದ್ರೂ ಎದೆ ತಟ್ಟಿ ಹೇಳ್ತೀನಿ."

ಅವನು ಎದೆ ತಟ್ಟಿದಾಗ ಬಾಯಕ್ಕನಿಗೆ ತನ್ನ ಬೆನ್ನ ಹಿಂದಿನ ಪುಸ್ತಕಗಳೆಲ್ಲ ಒಟ್ಟಿಗೆ ಕೆಮ್ಮಿದಂತೆ ಕೇಳಿಸಿತು.

"ಒಂದು ಪುಸ್ತಕ ನಂಗೆ ಕೊಡಿ ತಾಯಿ," ಎಂದು ಮಾಲೀಕ ಕಪಾಟಿನ ಕಡೆ ನಡೆದ. "ಆಫೀಸಿನ ಗಾಜಿನ ಬೀರುವಿನಲ್ಲಿ ಇಡ್ತೀನಿ. ಕೆಲಸ ಅಂದ್ರೆ ಹೀಗಿರ್ಬೇಕು ಅಂತ ಹೊಸಬರಿಗೆ ತೋರಿಸ್ಬೇಕು."

"ಅಯ್ಯೋ, ಮುಟ್ಟಬೇಡಿ ಸ್ವಾಮಿ! ಗೆದ್ದಲು ಹಿಡಿದಿದೆ. ಎಂಥ ಗೆದ್ದಲು ಅಂತೀರಿ, ಮೊನ್ನೆ ನನ್ನ ಕನ್ನಡಕದ ಕಡ್ಡೀನೇ ತಿಂದ್ಹಾಕ್ತು."

ಮಾಲೀಕ ಅಂಗಿಯ ತೋಳು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಹೋಗಲಿಲ್ಲ; ಕುರ್ಚಿ ಎಳೆದು ಅಲ್ಲೇ, ಕಪಾಟಿಗೆ ಎದುರಾಗಿ ಕುಳಿತ.

* * *

ಮದುವೆಯಾದ ಹೊಸದರಲ್ಲಿ ಗೋಂದಣ್ಣ ಊಟವಾದ ಮೇಲೆ ಹೆಂಡತಿಗೆ ಕತೆ ಓದಿ ಹೇಳುತ್ತಿದ್ದ. ಬಾಯಕ್ಕನಿಗೆ ತನ್ನ ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು, ಅದೂ ಒತ್ತಕ್ಷರ ಬಂದರೆ ಬೆವರುತ್ತಿದ್ದಳು. ಮಾತೇ ಆಡದ ಗಂಡ ಪುಸ್ತಕ ಹಿಡಿದರೆ ಮಾತಾಡುತ್ತಾನೆಂದು ಅವಳು ಪಾತ್ರೆ ಬಿಟ್ಟು ಬಂದು ಕೂರುತ್ತಿದ್ದಳು.

ಅವಳಿಗೆ ಮೆಚ್ಚಿನದು ಮಾಳಿಗೆ ಮನೆಯ ಕತೆ. ದೊಡ್ಡ ಮನೆಗೆ ಕೆಲಸಕ್ಕೆ ಸೇರಿದ ಹುಡುಗಿ. ಮಾಳಿಗೆಯ ಕೋಣೆಗೆ ಹೋಗಕೂಡದೆಂದು ಯಜಮಾನಿಯ ಕಟ್ಟಪ್ಪಣೆ. ಒಂದು ದಿನ ಒಳಗೆ ಯಾರೋ ಉಸಿರಾಡುವುದು ಕೇಳಿಸುತ್ತದೆ. ಹುಡುಗಿ ಮೆಟ್ಟಿಲು ಹತ್ತಿ ಚಿಲಕದ ಮೇಲೆ ಕೈ ಇಡುತ್ತಾಳೆ.

ಅಲ್ಲಿ ಗೋಂದಣ್ಣ ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ.

"ಆಮೇಲೆ? ಬಾಗಿಲ ಹಿಂದೆ ಏನಿತ್ತು?"

"ಆಡು," ಎನ್ನುತ್ತಿದ್ದ. "ಗಬ್ಬದ ಆಡು. ಅದಕ್ಕೆ ಬೆಚ್ಚನೆ ಜಾಗ ಬೇಕಾಗಿತ್ತು."

ಬಾಯಕ್ಕ ನಂಬಿದ್ದಳು. ಇನ್ನೊಂದು ಪುಸ್ತಕದಲ್ಲಿ ರಾಜ ಯುದ್ಧಕ್ಕೆ ಹೊರಟವನು ಇದ್ದಕ್ಕಿದ್ದಂತೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ, ಅದನ್ನೂ ನಂಬಿದ್ದಳು. ಪುಸ್ತಕದಲ್ಲಿ ಬರುವ ಜನರಿಗೆ ಮನೆಗೆಲಸ ಬಹಳ ಎಂದು ಅಂದುಕೊಂಡಿದ್ದಳು.

ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಗೋಂದಣ್ಣ ಓದುತ್ತಿದ್ದ ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿ, ಅದರ ಮೇಲೆ ತಾನೇ ಕುಳಿತ. ಮುಖ ಸುಣ್ಣವಾಗಿತ್ತು. ಬಂದವಳು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದ ಪಕ್ಕದ ಮನೆಯವಳು. ಅವಳು ಹೋದ ಮೇಲೂ ಅವನು ಹಾಸಿಗೆಯ ಮೇಲಿಂದ ಏಳಲಿಲ್ಲ.

"ಏನ್ರೀ, ಆ ಪುಸ್ತಕ ಕದ್ದಿದ್ದಾ?"

"ಕದ್ದಿದ್ದಕ್ಕಿಂತ ಕಡೆ ಕಣೆ," ಎಂದ.

ಅಂದು ಹೇಳಿದ. ಪ್ರೆಸ್ಸಿನಲ್ಲಿ ದೊಡ್ಡ ಕಾಗದ ಮಡಚಿದರೆ ಹದಿನಾರು ಪುಟದ ಕಟ್ಟಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಮುಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಮಾಳಿಗೆ ಮನೆಯ ಕತೆ ಜೋಡಿಸುವಾಗ ಪಕ್ಕದ ರಾಶಿಯಲ್ಲಿ ಆಡು ಸಾಕುವ ಪುಸ್ತಕವಿತ್ತು. ಕೈ ಅಲ್ಲಿಯ ಫಾರಂ ಎತ್ತಿ ಇಲ್ಲಿಗೆ ಇಟ್ಟಿತು, ಇಲ್ಲಿಯದನ್ನು ಅಲ್ಲಿಗೆ. ಕತೆಯ ಪ್ರತಿ ಕೈಯಲ್ಲಿರುವಾಗ ತಪ್ಪು ಗೊತ್ತಾಯಿತು. ಅಷ್ಟು ಹೊತ್ತಿಗೆ ಆಡಿನ ಪುಸ್ತಕಗಳು ಗಾಡಿ ಹತ್ತಿ ಹೋಗಿದ್ದವು. ಗೋಂದಣ್ಣ ಕೆಟ್ಟ ಪ್ರತಿಯನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಮನೆಗೆ ತಂದ. ಆಮೇಲೂ ಅಷ್ಟೇ, ಕೈ ತಪ್ಪಿದಾಗಲೆಲ್ಲ ಕಪಾಟಿಗೆ ಒಂದು ಬಂತು.

"ಒಲೆಗೆ ಹಾಕಿಬಿಡ್ರಿ ಮತ್ತೆ. ಅನ್ನಾನಾದ್ರೂ ಬೇಯುತ್ತೆ."

"ತಪ್ಪಿದ್ದು ನನ್ನ ಕೈ. ಪುಸ್ತಕ ಏನು ಮಾಡ್ತು?"

ಅವಕ್ಕೇ ಅವನು ಒಳ್ಳೆಯ ರಟ್ಟು ಹಾಕುತ್ತಿದ್ದ, ಒಳ್ಳೆಯ ಬಟ್ಟೆ ಹೊದಿಸುತ್ತಿದ್ದ. ರಜೆಯ ದಿನ ಒಂದೊಂದನ್ನೇ ಇಳಿಸಿ ಒರೆಸುತ್ತಿದ್ದ, ಕಾಯಿಲೆಯ ಮಕ್ಕಳ ಮೈ ಒರೆಸುವ ಹಾಗೆ. ಬಾಯಕ್ಕನೂ ಕ್ರಮೇಣ ಅವನ್ನು ಬಣ್ಣದಿಂದ, ತೂಕದಿಂದ, ವಾಸನೆಯಿಂದ ಗುರುತು ಹಿಡಿಯತೊಡಗಿದಳು.

"ಇದರ ಹಾಳೆ ಸೇರಿರೋ ಇನ್ನೊಂದು ಪ್ರತಿ ಯಾರದೋ ಮನೇಲಿದೆ," ಎಂದಿದ್ದ ಅಂದು. "ಒಂದಲ್ಲ ಒಂದಿನ ಅದನ್ನ ಹಿಡ್ಕೊಂಡು ಅವನು ಬರ್ತಾನೆ. ಮಾಲೀಕರ ಎದುರಿಗೇ ಕೇಳ್ತಾನೆ."

ಅಂದಿನಿಂದ ಬಾಗಿಲು ಬಡಿದಾಗಲೆಲ್ಲ ಇಬ್ಬರ ಎದೆಯೂ ಧಸಕ್ಕೆನ್ನುತ್ತಿತ್ತು. ಬಾಯಕ್ಕ ಮಾತ್ರ ಜೋರಾಗಿ ಏನಾದರೊಂದು ಗೇಲಿ ಮಾಡಿಕೊಂಡು ಹೋಗಿ ಬಾಗಿಲು ತೆಗೆಯುತ್ತಿದ್ದಳು.

* * *

"ಬೈಂಡಿಂಗ್ ಮಾಡ್ತಿದ್ದೋರ ಮನೆ ಇದೇನಾ?"

ಹೊಸಿಲಾಚೆ ನಿಂತವನು ಯಾರಿಗೂ ಪರಿಚಯದವನಲ್ಲ. ಬಿಸಿಲಿಗೆ ಒಣಗಿದ ಉದ್ದನೆಯ ಮನುಷ್ಯ. ಮೈಯಿಂದ ಆಡಿನ ವಾಸನೆ ಬರುತ್ತಿತ್ತು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಒಂದು. ಚಪ್ಪಲಿ ಬಿಡಲು ಬಗ್ಗಿದಾಗ ಟವೆಲು ಸರಿಯಿತು.

ಪುಸ್ತಕದ ಬೆನ್ನಿನ ಹೊಲಿಗೆಯನ್ನು ಬಾಯಕ್ಕ ಅಷ್ಟು ದೂರದಿಂದಲೇ ಗುರುತಿಸಿದಳು. ಗಂಡನ ಕೈಬರಹ ಗೊತ್ತಿಲ್ಲದವಳಿಗೂ ಅವನ ಹೊಲಿಗೆ ಗೊತ್ತಿತ್ತು.

ಬಂದ, ಎಂದುಕೊಂಡಳು. ಇಷ್ಟು ವರ್ಷ ಬಾರದವನು ಇವತ್ತೇ ಬಂದ.

"ಈ ಪುಸ್ತಕದ್ದು ಒಂದು ವಿಷಯ ಕೇಳಬೇಕಾಗಿತ್ತು," ಎಂದು ಆಡಿನವನು ಬೆಟ್ಟದಿಂದ ಬೆಟ್ಟಕ್ಕೆ ಕೂಗುವ ಗಂಟಲಲ್ಲಿ ಹೇಳಿದ. ಕುರ್ಚಿಯಲ್ಲಿದ್ದ ಮಾಲೀಕ ತಲೆ ಎತ್ತಿದ. "ಪುಸ್ತಕಾನಾ? ಯಾವ್ದು? ನಮ್ಮದಾ?"

ಬಾಯಕ್ಕ ಕಪಾಟು ಬಿಟ್ಟು ಓಡಿದಳು. "ಅಯ್ಯೋ, ನನ್ನ ತಮ್ಮ ಬಂದ ಕಣ್ರೋ! ಅಷ್ಟು ದೂರದಿಂದ ಬಂದ ಕಣ್ರೋ!" ಎಂದು ಗೊಳೋ ಎನ್ನುತ್ತ ಆ ಅಪರಿಚಿತನ ರಟ್ಟೆ ಹಿಡಿದು, ಅವನನ್ನೂ ಪುಸ್ತಕವನ್ನೂ ಅಡುಗೆಮನೆಗೆ ಎಳೆದು, ಚಿಲಕ ಹಾಕಿದಳು.

"ನಾನು ನಿಮ್ಮ ತಮ್ಮ ಅಲ್ಲಮ್ಮಾ..."

"ಗೊತ್ತು, ಸುಮ್ನಿರಿ! ಬೈಯೋದಿದ್ರೆ ನನ್ನ ಬೈರಿ. ಸಣ್ಣ ದನೀಲಿ ಬೈರಿ. ನಿಮ್ಮ ಕಾಲಿಗೆ ಬೀಳ್ತೀನಿ, ಆ ಇಸ್ತ್ರಿ ಅಂಗಿಯವರ ಮುಂದೆ ಮಾತ್ರ ಬಾಯಿ ಬಿಡಬೇಡಿ. ನಮ್ಮ ಮನೆಯವರನ್ನ ತಗೊಂಡು ಹೋಗೋವರೆಗೆ. ಅಷ್ಟು ಸಾಕು."

ಆಡಿನವನು ಗಾಬರಿಯಾಗಿ ಹಿಟ್ಟಿನ ಡಬ್ಬದ ಮೇಲೆ ಕುಳಿತ.

"ಬೈಯೋಕೆ ಯಾರು ಬಂದ್ರು? ಆಡು ಸಾಕೋಣ ಅಂತ ಈ ಪುಸ್ತಕ ತಗೊಂಡೆ. ಗಬ್ಬದ ಆಡಿನ ಪಾಠ ಬಂತು. ಹಾಳೆ ತಿರುವಿದ್ರೆ, ಒಂದು ಹುಡುಗಿ ಚಿಲಕದ ಮೇಲೆ ಕೈ ಇಟ್ಕೊಂಡು ನಿಂತಿದ್ದಾಳೆ! ಆಡು ಈಯೋದು ಹೆಂಗೆ ಅಂತ ಇದರಲ್ಲಿ ಕೊನೇವರೆಗೂ ಸಿಗಲಿಲ್ಲ, ಆಡೇ ಕಲಿಸ್ತು. ಆದ್ರೆ ಈ ಹುಡುಗಿ ನನ್ನ ಬಿಡಲಿಲ್ಲ ನೋಡಿ. ಅಲ್ಲಿಗೆ ಯಾಕೆ ಬಂದ್ಲು? ಆಮೇಲೆ ಏನಾದ್ಲು? ಪೇಟೆಗೆ ಬಂದಾಗಲೆಲ್ಲ ಪ್ರೆಸ್ಸಿಗೆ ಹೋಗಿ ಕೇಳಿದೀನಿ. ನಮ್ಮಲ್ಲಿ ಅಂಥ ತಪ್ಪಾಗಲ್ಲ ಅಂತ ಗೇಟಿಂದಲೇ ಓಡಿಸ್ತಾರೆ. ಇವತ್ತು ಬಾಗಿಲು ಹಾಕಿತ್ತು. ಯಾಕೆ ಅಂತ ಕೇಳಿದ್ರೆ, ಬೈಂಡಿಂಗಿನವರು ತೀರಿಕೊಂಡ್ರು ಅಂತ ಕಾವಲಿನವನು ಈ ಮನೆ ತೋರಿಸಿದ."

ಬಾಯಕ್ಕ ಅವನ ಮುಖವನ್ನೇ ನೋಡಿದಳು. ಅವಳ ಬಾಯಿ ಜನ್ಮದಲ್ಲಿ ಮೊದಲ ಸಲ ಒಣಗಿತ್ತು.

"ಹಾಗಾದ್ರೆ ನಿಮಗೆ ಗೊತ್ತು," ಎಂದಳು. "ಬಾಗಿಲು ತೆಗೆದ್ಲಾ ಅವಳು?"

"ತೆಗೆದ್ಲು."

"ಒಳಗೆ..." ಎಂದವಳು ಗಕ್ಕನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ. ಹೇಳಬೇಡಿ."

ಇಷ್ಟು ವರ್ಷ ಆ ಬಾಗಿಲ ಹಿಂದೆ ಒಂದು ಆಡು ಬೆಚ್ಚಗೆ ಮಲಗಿತ್ತು. ಈಗ ಅದು ಅಲ್ಲಿ ಇರುವುದಿಲ್ಲ. ಇನ್ನೇನೋ ಇರುತ್ತದೆ. ಇವನು ಬಾಯಿ ಬಿಟ್ಟರೆ ಅದು ಹೊರಗೆ ಬರುತ್ತದೆ.

ಹೊರಗಿನಿಂದ ಬಾಗಿಲು ಬಡಿದರು. ಬಾಯಕ್ಕ ಹಳೆಯ ಅಭ್ಯಾಸದಂತೆ ಬೆಚ್ಚಿಬಿದ್ದಳು.

"ಅತ್ತೆ, ವ್ಯಾನ್ ಬಂತು." ಅದರ ಹಿಂದೆಯೇ ಮಾಲೀಕನ ದನಿ: "ತಾಯಿ, ಆ ಪುಸ್ತಕ ಏನದು, ಸ್ವಲ್ಪ ನೋಡೋಣ?"

ಚಿಲಕ ಹಾಗೆಯೇ ಇದ್ದರೆ ಸಾಕಿತ್ತು. ಗೋಂದಣ್ಣ ಒಂದೂ ತಪ್ಪು ಮಾಡದವನಾಗಿ ವ್ಯಾನು ಹತ್ತುತ್ತಿದ್ದ. ಆ ಹಾಳೆ ತಿರುವಿದಾಗಲೆಲ್ಲ ಗಂಡ ಗಂಟಲು ಸರಿಮಾಡಿಕೊಂಡು ಸುಮ್ಮನೆ ಕೂರುತ್ತಿದ್ದುದನ್ನು ಬಾಯಕ್ಕ ನೆನೆದಳು. ಬೇರೆ ಪ್ರತಿ ತೆರೆದು ನೋಡಲು ಹೆದರಿದ್ದ ಅವನಿಗೂ ಒಳಗೇನಿತ್ತೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೊರಟಿದ್ದ.

ಅವಳು ಚಿಲಕದ ಮೇಲೆ ಕೈ ಇಟ್ಟಳು. ಕೈ ಬೆವರಿ ಜಾರಿತು. ಎರಡನೆಯ ಸಲ ಎಳೆದಳು.

* * *

ಯಾರನ್ನೂ ನೋಡದೆ ಬಾಯಕ್ಕ ನೇರ ಕಪಾಟಿಗೆ ಹೋದಳು. ಹಸಿರು ಬಟ್ಟೆಯ ಪುಸ್ತಕ ಎಳೆದು ನಾದಿನಿಯ ಮಗಳ ಕೈಗಿತ್ತಳು. "ಓದ್ತೀನಿ ಅಂದ್ಯಲ್ಲ, ಓದು. ಇವರ ಕಿವಿ ಹತ್ರ ಕೂತು ಓದು. ಹುಡುಗಿ ಮೆಟ್ಟಿಲು ಹತ್ತೋ ಕಡೆಯಿಂದ."

ಹುಡುಗಿ ಹುಡುಕಿ ಓದತೊಡಗಿದಳು. ಚೆನ್ನಾಗಿ ಓದುತ್ತಿದ್ದಳು. ಕತ್ತಲ ಮೆಟ್ಟಿಲು ಬಂತು. ಉಸಿರಿನ ಸದ್ದು ಬಂತು. ಕರೆಯಲು ಬಂದ ವ್ಯಾನಿನ ಡ್ರೈವರು ಬಾಗಿಲಲ್ಲೇ ನಿಂತುಬಿಟ್ಟ. ಚಿಲಕದ ಮೇಲೆ ಕೈ ಬಂತು. ಹುಡುಗಿ ಹಾಳೆ ತಿರುವಿದಳು, ತಡೆದಳು, ಹಿಂದಿನ ಹಾಳೆಗೆ ಹೋಗಿ ಮತ್ತೆ ಬಂದಳು.

"ಅತ್ತೆ... ಇಲ್ಲಿ ಆಡು ಇದೆ."

ಮಾಲೀಕ ಎದ್ದು ಬಂದು ಪುಸ್ತಕ ತೆಗೆದುಕೊಂಡ. ಹೆಬ್ಬೆರಳಿನಿಂದ ಹೊಲಿಗೆಯ ಸಂದಿ ಬಿಡಿಸಿ ನೋಡಿದ. ಅವನ ಕುತ್ತಿಗೆ ಕೆಂಪಾಗುತ್ತ ಕಿವಿಯವರೆಗೆ ಏರಿತು.

"ಇದು ನಮ್ಮ ಪ್ರೆಸ್ಸಿಂದಾ?"

"ನಿಮ್ಮದೇ ಸ್ವಾಮಿ." ಬಾಯಕ್ಕ ಬೆಂಚಿನ ಅಂಚು ಹಿಡಿದುಕೊಂಡಳು. "ಇವರ ಕೈ ತಪ್ಪಿದ್ದು. ಗೆದ್ದಲೂ ಇಲ್ಲ, ಮಣ್ಣೂ ಇಲ್ಲ. ಕಪಾಟಿನ ತುಂಬ ತಪ್ಪುಗಳೇ. ಬೈಯೋದನ್ನೆಲ್ಲ ಆಮೇಲೆ ಬೈರಿ, ವರ್ಷಗಟ್ಟಲೆ ಬೈರಿ, ಕೂತು ಕೇಳ್ತೀನಿ. ಈಗ ಒಂದು ಗಳಿಗೆ ಸುಮ್ನಿರಿ. ಮಿಕ್ಕ ಕತೆ ಈ ಟವೆಲಿನವರ ಹತ್ರ ಇದೆ."

ಮಾಲೀಕ ಪುಸ್ತಕ ಕೈಯಲ್ಲಿ ಹಿಡಿದೇ ಕುರ್ಚಿಯ ತುದಿಗೆ ಕುಳಿತು, ಆಡಿನವನ ಕಡೆ ಕತ್ತು ಚಾಚಿದ.

ಆಡಿನವನು ಟವೆಲು ಬಿಚ್ಚಿದ. ಗೋಂದಣ್ಣನ ತಲೆಯ ಪಕ್ಕ ಮಂಡಿಯೂರಿ, ತನ್ನ ಪುಸ್ತಕವನ್ನು ಸತ್ತವನಿಗೂ ಕಾಣಿಸುವಂತೆ ವಾಲಿಸಿ ಹಿಡಿದು, ಹುಡುಕದೆಯೇ ಆ ಪುಟಕ್ಕೆ ಬಂದ. ಬೆರಳು ಮೊದಲ ಸಾಲಿನ ಮೇಲಿತ್ತು. ಸುತ್ತಲಿನ ಮುಖಗಳನ್ನೆಲ್ಲ ಒಮ್ಮೆ ನೋಡಿದ. ಕತೆಯನ್ನು ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡಿದ್ದವನಿಗೆ ಅದನ್ನು ಹಾಗೆ ಸುಮ್ಮನೆ ಕೊಟ್ಟುಬಿಡಲು ಮನಸ್ಸಾಗಲಿಲ್ಲ.

"ಬಾಗಿಲು ತೆಗೆದ್ಲು," ಎಂದ ಮೆಲ್ಲಗೆ. "ಒಳಗೆ ಏನಿತ್ತು? ಅಕ್ಕಾ, ಮೊದಲು ನೀವು ಹೇಳಿ ನೋಡೋಣ."