ಮೇಲಿನಿಂದ ಮೂರನೆಯ ಮೆಟ್ಟಿಲು

“ಲೋಟ ಬಿತ್ತು” ಎಂಬ ವಾಕ್ಯವನ್ನು ಅವರು ಸಹಿಸುತ್ತಿರಲಿಲ್ಲ. ಲೋಟ ತಾನಾಗಿ ಬೀಳುವ ವಸ್ತುವಲ್ಲ, ಅದನ್ನು ಯಾರೋ ಬೀಳಿಸಿರಬೇಕು, ಇಲ್ಲವೇ ಬೀಳುವಂಥ ಜಾಗದಲ್ಲಿ ಇಟ್ಟಿರಬೇಕು ಎಂಬುದು ಅವರ ಅಚಲವಾದ ನಂಬಿಕೆ. ಬಿತ್ತು, ಒಡೆಯಿತು, ಉಕ್ಕಿತು, ಕಳೆದುಹೋಯಿತು ಎನ್ನುತ್ತ, ಮಾಡಿದವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿರಪರಾಧಿಯ ಮುಖ ಹೊತ್ತು ನಿಲ್ಲುವ ಈ ಕ್ರಿಯಾಪದಗಳಷ್ಟು ಚತುರ ವಕೀಲರನ್ನು ತಾನು ಯಾವ ನ್ಯಾಯಾಲಯದಲ್ಲೂ ಕಂಡಿಲ್ಲವೆಂದು ಅವರು ಹೇಳುತ್ತಿದ್ದರು. ತಡವಾಗಿ ಬಂದ ವಿದ್ಯಾರ್ಥಿ ಬಾಗಿಲಲ್ಲಿ ನಿಂತು “ಬಸ್ಸು ತಪ್ಪಿಹೋಯ್ತು ಸಾರ್” ಎಂದರೆ ಕನ್ನಡಕದ ಮೇಲಂಚಿನಿಂದ ನೋಡಿ ಒಂದೇ ಮಾತು ಕೇಳುವರು: “ಯಾರಿಂದ?” ಆತ ತಲೆ ತುರಿಸಿಕೊಂಡು “ನಾನೇ ತಪ್ಪಿಸ್ಕೊಂಡೆ ಸಾರ್” ಎನ್ನುವವರೆಗೆ ಒಳಗೆ ಪ್ರವೇಶವಿಲ್ಲ.

ಕಾನೂನು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಅವರು ಕಲಿಸಿದ್ದು ಅಪಕೃತ್ಯ ಕಾನೂನನ್ನು. ಕದಿಯುವ ಕೊಲ್ಲುವ ರೋಚಕತೆ ಅದರಲ್ಲಿಲ್ಲ, ಕರಾರುಪತ್ರಗಳ ಗಾಂಭೀರ್ಯವೂ ಇಲ್ಲ. ಒಬ್ಬರ ಅಜಾಗ್ರತೆ ಇನ್ನೊಬ್ಬರ ಮೈಮೇಲೆ ಗಾಯವಾಗಿ ಮೂಡಿದಾಗ ಅದರ ಹೊಣೆ ಯಾರದು ಎಂದು ಕೇಳುವ, ಬಹುಪಾಲು ಮೆಟ್ಟಿಲು, ಗೋಡೆ, ನಾಯಿ, ಒದ್ದೆ ನೆಲಗಳ ಸುತ್ತ ತಿರುಗುವ ಶಾಸ್ತ್ರ ಅದು. ಹುಡುಗರು ಅವರನ್ನು ‘ಹೊಣೆ ಮೇಷ್ಟ್ರು’ ಎಂದು ಕರೆದರು. ಆ ಹೆಸರು ಕಾಲೇಜಿನ ಗೇಟು ದಾಟಿ, ಅಂಗಡಿಬೀದಿ ದಾಟಿ, ಕೊನೆಗೆ ಅವರ ಮನೆಯೊಳಗೂ ಹೊಕ್ಕಿತು. ಮನೆಯಲ್ಲಿದ್ದವಳು ಅವರಿಗಿಂತ ಆರು ವರ್ಷ ಹಿರಿಯಳಾದ ಅಕ್ಕ ಒಬ್ಬಳೇ. ಆಕೆಯ ನಾಲಿಗೆಯ ಮುಂದೆ ಮಾತ್ರ ಮೇಷ್ಟ್ರ ಶಾಸ್ತ್ರ ನಡೆಯುತ್ತಿರಲಿಲ್ಲ. ಒಂದು ದಿನ ಅವರ ಸಹೋದ್ಯೋಗಿಯಾದ ನಾನು ಅಲ್ಲಿದ್ದಾಗಲೇ ಅಡುಗೆಮನೆಯಿಂದ “ಹಾಲು ಉಕ್ಕಿಹೋಯ್ತು ಕಣೋ” ಎಂಬ ಕೂಗು ಬಂತು. ಇವರು ಅಭ್ಯಾಸಬಲದಿಂದ “ತಾನೇ ಉಕ್ಕಿತಾ?” ಎಂದರು. “ಇಲ್ಲಪ್ಪ. ಕನ್ನಡಕ ಹುಡುಕಿಕೊಡು ಅಂತ ನೀನು ಕರೆದೆ, ನಾನು ಬಂದೆ, ಅದು ಉಕ್ಕಿತು. ಹಾಕ್ಕೋ ದಾವೆ, ಯಾರ ಮೇಲೆ ಹಾಕ್ತೀಯೋ ನೋಡೋಣ” ಎಂದಳು ಆಕೆ. ಮೇಷ್ಟ್ರು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿ, ಎದ್ದುಹೋಗಿ ಒಲೆ ಒರೆಸಿದರು.

ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಎತ್ತರದ ಆಳು, ಆದರೆ ದೃಷ್ಟಿ ಸದಾ ನೆಲದ ಮೇಲೆ. ನಾಲ್ಕು ಹೆಜ್ಜೆ ಇಟ್ಟು ನಿಂತು, ಕಾಲ ಬೆರಳಿನಿಂದ ಹಾಸುಗಲ್ಲನ್ನು ಒತ್ತಿ ನೋಡಿ, ಮತ್ತೆ ನಾಲ್ಕು ಹೆಜ್ಜೆ ಇಡುವ ಕೊಕ್ಕರೆಯ ಗತಿ. ಎಲ್ಲ ಕಾಲಕ್ಕೂ ಒಂದೇ ಬೂದು ಕೋಟು. ಅದರ ಬಲ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು ಸದಾ ಇರುತ್ತಿದ್ದುದರಿಂದ ಆ ಬದಿಯ ಬಟ್ಟೆ ಎಷ್ಟು ಒಗೆದರೂ ಬೆಳ್ಳಗೆ ಮಾಸಿಕೊಂಡೇ ಇರುತ್ತಿತ್ತು.

ಆ ಸೀಮೆಸುಣ್ಣಕ್ಕೊಂದು ಹಿನ್ನೆಲೆಯಿದೆ. ಮೊದಲು ಅವರು ಕಂಡ ಅಪಾಯವನ್ನು ಕೈಯಾರೆ ಸರಿಪಡಿಸುತ್ತಿದ್ದರಂತೆ. ಕಾಂಪೌಂಡ್ ಗೋಡೆಗಳ ಅಂಚಿನಲ್ಲಿ ಜನ ಇಟ್ಟ ಹೂಕುಂಡಗಳನ್ನು, ದಾರಿಹೋಕರ ತಲೆಯ ಮೇಲೆ ಬಿದ್ದಾವೆಂದು, ಹೋಗುತ್ತ ಹೋಗುತ್ತ ಒಳಕ್ಕೆ ಸರಿಸುವರು. ಒಂದು ಬೆಳಿಗ್ಗೆ ಒಬ್ಬ ಗೃಹಿಣಿ, ಕುಂಡ ಇನ್ನೂ ಅವರ ಕೈಯಲ್ಲಿದ್ದಂತೆಯೇ, ಅವರನ್ನು ಹಿಡಿದಳು. ತರಗತಿಯಲ್ಲಿ ಒಂದೂವರೆ ತಾಸು ನಿರರ್ಗಳವಾಗಿ ಮಾತಾಡುವ ಮನುಷ್ಯ ಬೀದಿಯಲ್ಲಿ ಒಬ್ಬ ಅಪರಿಚಿತ ಹೆಂಗಸಿನ ಮುಂದೆ ಮಾತು ಸಿಗದೆ ನಿಂತು, ಕೊನೆಗೆ, “ಇದು ಅತಿಕ್ರಮ. ನೀವು ನನ್ನ ಮೇಲೆ ದಾವೆ ಹಾಕಬಹುದು, ಗೆಲ್ತೀರಿ ಕೂಡ” ಎಂದಷ್ಟೇ ಹೇಳಿ ಹೊರಟುಬಿಟ್ಟರು. ಅಂದಿನಿಂದ ಯಾರ ವಸ್ತುವನ್ನೂ ಮುಟ್ಟಲಿಲ್ಲ. ಅಪಾಯ ಕಂಡಲ್ಲಿ ಸುತ್ತ ಒಂದು ಬಿಳಿಯ ವೃತ್ತ ಎಳೆದು ಮುಂದೆ ಹೋಗುವರು. ನಾವೆಲ್ಲ ಅದನ್ನು ಅವರ ಶಾಸ್ತ್ರನಿಷ್ಠೆಯೆಂದು ತಿಳಿದಿದ್ದೆವು. ಅದರಲ್ಲಿ ಅರ್ಧಪಾಲು ಸಂಕೋಚವಿತ್ತೆಂಬುದು ಬಹಳ ತಡವಾಗಿ ತಿಳಿಯಿತು, ನಮಗೂ, ಅವರಿಗೂ.

ಹೊಸ ತಂಡ ಬಂದ ಮೊದಲ ದಿನ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ಯಾವ ಹಾನಿಯನ್ನಾದರೂ ತನ್ನಿ, ಅದಕ್ಕೆ ನಾಲ್ಕು ಪ್ರಶ್ನೆ ಕೇಳಿ ಎನ್ನುವರು: ನೋಡಿಕೊಳ್ಳಬೇಕಾದವರು ಇದ್ದರೇ? ನೋಡಿಕೊಂಡರೇ? ನೋಡಿಕೊಳ್ಳದ್ದರಿಂದಲೇ ಹೀಗಾಯಿತೇ? ಆದದ್ದು ಊಹೆಗೆ ನಿಲುಕುವಂಥದೇ? ಆಮೇಲೆ ಕಿಟಕಿಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, ಇಡೀ ವರ್ಷದ ಪಾಠವೆಲ್ಲ ಇದರ ವಿಸ್ತರಣೆಯೆಂಬಂತೆ ಒಂದು ಮಾತು ಸೇರಿಸುವರು: “ನಿಮ್ಮ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದೋ ಅವರು ಎದುರಿಗೆ ಇರಲ್ಲ. ಕೆಲಸ ಮಾಡ್ತಿರುವಾಗಲೇ ಅವರ ಮುಖ ನೆನಪಾಗಬೇಕು. ಅದೇ ಕಾನೂನು. ಉಳಿದದ್ದೆಲ್ಲ ಟಿಪ್ಪಣಿ.”

ಕಾಲೇಜಿನ ಗ್ರಂಥಾಲಯಕ್ಕೆ ಹೋಗುವ ಕಲ್ಲಿನ ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದರ ಚಪ್ಪಡಿ ಸಡಿಲಾಗಿತ್ತು. ನಡುವೆ ಕಾಲಿಟ್ಟರೆ ಏನೂ ಇಲ್ಲ, ಅಂಚಿಗೆ ಭಾರ ಬಿದ್ದರೆ ಹಲ್ಲು ಕಡಿದಂಥ ಸದ್ದು ಮಾಡಿ ಅಲುಗುವುದು. ಮೇಷ್ಟ್ರು ಪ್ರಾಂಶುಪಾಲರಿಗೆ ಪತ್ರ ಬರೆದರು; ತಿಂಗಳು ಬಿಟ್ಟು ಇನ್ನೊಂದು; ಮತ್ತೂ ಒಂದು. ಇಬ್ಬರೂ ಮೂವತ್ತು ವರ್ಷದ ಗೆಳೆಯರು, ದಿನಾ ನಾಲ್ಕು ಗಂಟೆಗೆ ಒಂದೇ ಮೇಜಿನಲ್ಲಿ ಚಹಾ ಕುಡಿಯುವವರು. ಆದರೂ ಮೆಟ್ಟಿಲಿನ ವಿಷಯ ಬಾಯಿಮಾತಿನಲ್ಲಿ ಬಾರದೆ ಕಾಗದದಲ್ಲೇ ಓಡಾಡಿತು. ಪತ್ರಗಳು ಕಡತ ಸೇರಿದವು. ಮೇಷ್ಟ್ರು ಪ್ರತಿ ಬೆಳಿಗ್ಗೆ ಬಂದು ಆ ಚಪ್ಪಡಿಯ ಮೇಲೆ ವೃತ್ತ ಎಳೆದರು. ಸಂಜೆ ಕಟ್ಟಡ ಗುಡಿಸಿ ಒರೆಸುವ, ನಾವೆಲ್ಲ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸು ಅದನ್ನು ಉಜ್ಜಿ ಅಳಿಸಿದಳು. ಕಲ್ಲಿನ ಮೇಲೆ ಒಂದು ಕಲೆಯೂ ಇರಕೂಡದೆಂದು ಕಚೇರಿಯ ಮೇಲ್ವಿಚಾರಕರ ಅಪ್ಪಣೆ. ನಾಲ್ಕು ತಿಂಗಳು ಹೀಗೇ ನಡೆಯಿತು, ಬೆಳಿಗ್ಗೆ ಬರೆಯುವುದು, ಸಂಜೆ ಅಳಿಸುವುದು. ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂರುವ ಕಿರಿಯ ಅಧ್ಯಾಪಕನಾಗಿದ್ದ ನಾನು ದಿನಕ್ಕೆರಡು ಬಾರಿ ಆ ವೃತ್ತವನ್ನು ದಾಟಿ ಹೋಗುತ್ತಿದ್ದೆ, ನಕ್ಕೂ ಇದ್ದೆ.

ಪರಿಶೀಲನಾ ಸಮಿತಿಯವರು ಬರುವ ದಿನ ಚಿಕ್ಕಮ್ಮನಿಗೆ ಬೆಳಿಗ್ಗೆಯೇ ಕರೆ ಹೋಯಿತು. ಮೇಷ್ಟ್ರು ಆಗಲೇ ವೃತ್ತ ಎಳೆದು ತರಗತಿಗೆ ಹೋಗಿದ್ದರು. ಆಕೆ ಸೋಪಿನ ನೀರಿನ ಬಕೆಟ್ಟು ಹಿಡಿದು ಬಂದು, ಇಳಿಜಾರಿಗೆ ಬೆನ್ನು ಮಾಡಿ, ಅಂದಿನ ಅವಸರದಲ್ಲಿ ಚಪ್ಪಡಿಯ ನಡುವೆ ಕೂರದೆ ಅಂಚಿನಲ್ಲೇ ಮಂಡಿಯೂರಿ ಉಜ್ಜತೊಡಗಿದಳು. ಸದ್ದು ಕೇಳಿ ನಾವು ಹೊರಗೆ ಬರುವಷ್ಟರಲ್ಲಿ ಹದಿಮೂರು ಮೆಟ್ಟಿಲ ಕೆಳಗೆ ಆಕೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನೀರು ಇನ್ನೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ಅರ್ಧ ಅಳಿಸಿದ್ದ ವೃತ್ತ ಮೇಲೆ ಹಾಗೇ ಇತ್ತು. ಮೇಷ್ಟ್ರು ಅದನ್ನು ನೋಡಿದರು, ಆಕೆಯನ್ನು ನೋಡಿದರು.

ಆಸ್ಪತ್ರೆಗೆ ಅವರು ಮೂರನೆಯ ದಿನ ಹೋದರು. ಜತೆಗೆ ನನ್ನನ್ನೂ ಕರೆದರು, ಒಬ್ಬರೇ ಹೋಗಲು ಧೈರ್ಯ ಸಾಲದೆ. ಮಣಿಕಟ್ಟಿನ ಎರಡು ಮೂಳೆ ಮುರಿದಿದ್ದವು, ಸೊಂಟಕ್ಕೂ ಪೆಟ್ಟಾಗಿತ್ತು. ಮಗಳು ಮಂಚದ ಬದಿಯಲ್ಲಿ ಬಿಗಿದ ಮುಖದಿಂದ ನಿಂತಿದ್ದಳು. ಮೇಷ್ಟ್ರು ಕೋಟಿನ ಗುಂಡಿ ತಿರುಗಿಸುತ್ತ, ಆ ಗೆರೆ ಎಳೆಯುತ್ತಿದ್ದುದು ನಾನೇ, ಕಲ್ಲು ಸಡಿಲವಿತ್ತೆಂದು ಎಳೆಯುತ್ತಿದ್ದೆ ಎಂದರು.

“ನೀವೇ ಅಂತ ಗೊತ್ತು ಸಾರ್, ದಿನಾ ನೋಡ್ತಿದ್ನಲ್ಲ” ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ಮೇಷ್ಟ್ರದು ಏನೋ ಪಾಠದ ಲೆಕ್ಕ ಇರಬೇಕು ಅಂದ್ಕೊಂಡಿದ್ದೆ. ನಾವು ನಡುವೆ ಕಾಲಿಟ್ಟು ಹೋಗೋರು, ಅಲುಗೋದು ತಿಳೀಲಿಲ್ಲ. ಗೆರೆ ಎಳೆದ್ರೆ ಕಲ್ಲು ಗಟ್ಟಿ ಆಗುತ್ತಾ ಸಾರ್? ಒಂದು ಮಾತು ಬಾಯಿ ಬಿಟ್ಟು ಹೇಳಿದ್ರೆ ನಾನು ಅಲ್ಲಿ ಕೂರ್ತಿರಲಿಲ್ಲ.”

ಹಿಂದಿರುಗುವ ದಾರಿಯಲ್ಲಿ ಅವರು ನೆಲ ನೋಡಲಿಲ್ಲ. ಎರಡು ಕಡೆ ಎಡವಿದರು. ಗೇಟಿನ ಬಳಿ ನಿಂತು, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದಂತೆ, “ಪ್ರಾಂಶುಪಾಲರಿಗೆ ಮೂರು ಪತ್ರ ಬರೆದೆ. ದಿನಾ ಅದೇ ಕಲ್ಲನ್ನ ಉಜ್ಜುವವಳಿಗೆ ಒಂದು ಮಾತು ಹೇಳಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಅವಳ ಮುಖ ನೆನಪಾಗಲಿಲ್ಲ” ಎಂದರು.

ಕಾಲೇಜಿನ ವರದಿ ಸಿದ್ಧವಾಯಿತು: ನೆಲ ಒದ್ದೆಯಿತ್ತು, ಒದ್ದೆ ಮಾಡಿದ್ದು ಆಕೆಯೇ, ಕಾಲು ಜಾರಿತು, ಬಿದ್ದಳು. ಚಿಕ್ಕಮ್ಮನ ಮಗಳು ದಾವೆ ಹಾಕಿಸಿದಳು. ಒಂದು ಸಂಜೆ ಪ್ರಾಂಶುಪಾಲರು ನಾಲ್ಕು ಗಂಟೆಯ ಚಹಾ ಮುಂದಿಟ್ಟುಕೊಂಡು ಗೆಳೆಯನಿಗೆ ಹೇಳಿದ್ದಿಷ್ಟು: “ಆ ಪತ್ರಗಳ ವಿಷಯ ನಿನಗೆ ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಸುಳ್ಳು ಹೇಳು ಅಂತಿಲ್ಲ ನಾನು. ಸುಮ್ಮನಿರು, ಅಷ್ಟೇ. ಬಾಯಿ ಬಿಟ್ಟರೆ ಆ ಗೆರೆಗಳ ಸುದ್ದಿಯೂ ಬರುತ್ತೆ, ನಿನ್ನನ್ನೂ ಎಳೀತಾರೆ.” ಮೇಷ್ಟ್ರು ಚಹಾ ಮುಗಿಸಿದರು. “ಎಳೀಲಿ” ಎಂದರು. ಆ ಮೇಜಿನಲ್ಲಿ ಅವರಿಬ್ಬರೂ ಒಟ್ಟಿಗೆ ಕೂತದ್ದು ಅದೇ ಕೊನೆ.

ಕಾಲೇಜಿನ ಪರ ವಕಾಲತ್ತು ವಹಿಸಿದವಳು ಅವರದೇ ಹಳೆಯ ಶಿಷ್ಯೆ, ಅವರು ಅತಿ ಹೆಚ್ಚು ಅಂಕ ಕೊಟ್ಟವಳು. ವಿಚಾರಣೆಗೆ ಎರಡು ದಿನ ಮುಂಚೆ ಮನೆಗೆ ಬಂದು, ಕೂರದೆ ಬಾಗಿಲಲ್ಲೇ ನಿಂತು, “ಸಾರ್, ನೀವು ಸಾಕ್ಷಿ ಹೇಳೋಕೆ ನಿಂತರೆ ನಾನು ಆ ವೃತ್ತದ ಬಗ್ಗೆ ಕೇಳಲೇಬೇಕಾಗುತ್ತೆ” ಎಂದಳಂತೆ. “ಕೇಳು. ಕೇಳದಿದ್ರೆ ಆ ಅಂಕ ವಾಪಸ್ ತಗೋತೀನಿ” ಎಂದು ಅವರು ಒಳಗೆ ಕರೆದು ಕೂರಿಸಿದರು. ಒಳಗಿನಿಂದ ಅಕ್ಕ, “ನಾಡಿದ್ದು ಇವನನ್ನ ಹಿಂಡೋಳಿಗೆ ಇವತ್ತು ಚಹಾನಾ?” ಎಂದು ಗೊಣಗುತ್ತಲೇ ಎರಡು ಲೋಟ ತಂದಿಟ್ಟಳು.

ಅವಳು ಕೇಳಿದಳು, ಚೆನ್ನಾಗಿಯೇ ಕೇಳಿದಳು. ಮೇಷ್ಟ್ರು ಇಟ್ಟುಕೊಂಡಿದ್ದ ಪತ್ರಗಳ ಪ್ರತಿಗಳು ನ್ಯಾಯಾಲಯದಲ್ಲಿ ಹಾಜರಾದವು. ಕಾಲೇಜಿಗೆ ವಿಷಯ ತಿಳಿದಿತ್ತೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಆಗ ಅವಳು ಕಾಗದದಿಂದ ತಲೆಯೆತ್ತದೆ ಆರಂಭಿಸಿದಳು. ವೃತ್ತ ಎಳೆದವರು ನೀವೇ? ನಾನೇ. ಅದು ಇರದಿದ್ದರೆ ಆಕೆ ಅಂದು ಅಲ್ಲಿ ಮಂಡಿಯೂರುವ ಕಾರಣವಿತ್ತೇ? ಇರಲಿಲ್ಲ. ಆಕೆ ಪ್ರತಿದಿನ ಅಳಿಸುತ್ತಾಳೆಂದು ತಿಳಿದಿತ್ತೇ? ತಿಳಿದಿತ್ತು. ಎಚ್ಚರಿಸಿದಿರಾ? ಇಲ್ಲ. ಹೀಗಾಗಬಹುದೆಂದು ನೀವು ಊಹಿಸಬಹುದಿತ್ತೇ? ಇಲ್ಲಿ ಅವರು ತಡೆದರು. “ಊಹಿಸಲಿಲ್ಲ” ಎಂದಿದ್ದರೆ ಅದು ಸತ್ಯವಾಗುತ್ತಿತ್ತು, ಅವರಿಗೆ ಅನುಕೂಲವೂ ಆಗುತ್ತಿತ್ತು. ಆದರೆ ಅವಳು ಕೇಳಿದ್ದು ಅದಲ್ಲ. ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿ, ನೆಟ್ಟಗಾಗದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವರು ಅತ್ತ ತಿರುಗಿ, ಆಕೆಗೇ ಹೇಳುವಂತೆ, “ಊಹಿಸಬೇಕಿತ್ತು” ಎಂದರು. ವಕೀಲೆ ಇನ್ನೊಂದು ಪ್ರಶ್ನೆ ಬರೆದುಕೊಂಡಿದ್ದಳು. ಅದನ್ನು ಕೇಳದೆ ಕೂತಳು.

ತೀರ್ಪು ಚಿಕ್ಕಮ್ಮನ ಕಡೆಗಾಯಿತು. ತಿಳಿದೂ ಸರಿಪಡಿಸದ ಕಾಲೇಜೇ ಪೂರ್ತಿ ಹೊಣೆ. ಹೇಳಿದ ಕೆಲಸ ಮಾಡುತ್ತಿದ್ದ ಆಕೆಯದು ಏನೂ ತಪ್ಪಿಲ್ಲ. ಅಪಾಯವನ್ನು ತೋರಿಸಲು ಯತ್ನಿಸಿದವರ ಮೇಲೆ ಹೊಣೆ ಹೊರಿಸಿದರೆ ನಾಳೆ ಯಾರೂ ಯಾರನ್ನೂ ಎಚ್ಚರಿಸಲಾರರು ಎಂದು ನ್ಯಾಯಾಧೀಶರು ಬರೆದರು. ಎಲ್ಲರೂ ಮೇಷ್ಟ್ರನ್ನು ಅಭಿನಂದಿಸಿದರು. ಮೇಷ್ಟ್ರು ಮರುದಿನ ಆ ತೀರ್ಪನ್ನೇ ತರಗತಿಗೆ ಕೊಂಡೊಯ್ದು, ಎಳೆಎಳೆಯಾಗಿ ಬಿಡಿಸಿ, ಕೊನೆಯ ಭಾಗ ತಮಗೆ ಒಪ್ಪಿಗೆಯಿಲ್ಲವೆಂದು ಹೇಳಿ, ತಮ್ಮ ವಿರುದ್ಧ ವಾದ ಬರೆಯುವಂತೆ ವಿದ್ಯಾರ್ಥಿಗಳಿಗೆ ಕೊಟ್ಟರು. ಹುಡುಗರು ಗುರುವಿನ ಮೇಲೆ ಕೈ ಮಾಡಲು ಹಿಂಜರಿದು ನಯವಾಗಿ ಬರೆದರು. ಒಬ್ಬ ಹುಡುಗಿ ಮಾತ್ರ, ಹೇಳಲು ನಾಲ್ಕು ತಿಂಗಳ ಅವಕಾಶವಿದ್ದವರು ಹೇಳದೆ ಗೆರೆ ಎಳೆದದ್ದು ಎಚ್ಚರಿಕೆಯಲ್ಲ, ಎಚ್ಚರಿಸಿದೆನೆಂಬ ಸಮಾಧಾನ ಎಂದು ಬರೆದಳು. ಆ ಉತ್ತರವನ್ನು ಅವರು ನನಗೆ ತೋರಿಸಿದರು. ಅಂಕದ ಜಾಗ ಖಾಲಿಯಿತ್ತು. “ಇದಕ್ಕೆಷ್ಟು ಕೊಡೋದು ಹೇಳು” ಎಂದರು.

ಚಿಕ್ಕಮ್ಮನ ಮಣಿಕಟ್ಟು ಪೂರ್ತಿ ಸರಿಹೋಗಲಿಲ್ಲ. ಗ್ರಂಥಾಲಯದ ಬಾಗಿಲಲ್ಲಿ ಕೂತು ಚೀಲಗಳಿಗೆ ಬಿಲ್ಲೆ ಕೊಡುವ ಕೆಲಸ ಸಿಕ್ಕಿತು. ಮೇಷ್ಟ್ರು ಬದಲಾದದ್ದು ಒಂದೇ ವಿಷಯದಲ್ಲಿ: ಬಾಯಿ ಬಿಡಲು ಕಲಿತರು. ಐವತ್ತೇಳನೆಯ ವಯಸ್ಸಿನಲ್ಲಿ, ಕಿವಿ ಕೆಂಪಗಾಗುತ್ತಿದ್ದರೂ, ದಾರಿಯಲ್ಲಿ ಅಪರಿಚಿತರನ್ನು ನಿಲ್ಲಿಸಿ “ಒಂದು ನಿಮಿಷ, ನಿಮ್ಮ ಗಾಡಿಯ ಹಗ್ಗ ಸಡಿಲಾಗಿದೆ” ಎನ್ನುವರು, ಬೈಸಿಕೊಳ್ಳುವರು, ಮುಂದಿನವರನ್ನೂ ನಿಲ್ಲಿಸುವರು. ಚಿಕ್ಕಮ್ಮನ ಬಳಿ ದಿನಾ ಐದು ನಿಮಿಷ ನಿಂತು ಮಾತಾಡುವರು. ಏನು ಮಾತಾಡ್ತಾರೆ ಎಂದು ನಾನೊಮ್ಮೆ ಆಕೆಯನ್ನು ಕೇಳಿದಾಗ, “ಏನಿಲ್ಲಪ್ಪ, ನಾನು ಹೇಳ್ತೀನಿ, ಅವರು ಕೇಳ್ತಾರೆ” ಎಂದಳು.

ಕಾನೂನಿಗೆ ಒಬ್ಬ ಕಲ್ಪಿತ ಮನುಷ್ಯ ಬೇಕು: ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಎಚ್ಚರವುಳ್ಳ ಸಾಮಾನ್ಯ ವಿವೇಕಿ. ನಮ್ಮೆಲ್ಲರ ತಪ್ಪನ್ನೂ ಅವನ ಅಳತೆಗೋಲಿನಲ್ಲಿ ಅಳೆಯುತ್ತಾರೆ, ಆ ಗೆರೆ ಮುಟ್ಟಿದರೆ ನಾವು ಪಾರು. ಬಹುಮಂದಿ ಅಲ್ಲಿಗೇ ನಿಲ್ಲುತ್ತೇವೆ, ಅದು ತಪ್ಪೂ ಅಲ್ಲ. ಆದರೆ ಪ್ರತಿ ತಲೆಮಾರಿನಲ್ಲೂ ಕೆಲವರಿರುತ್ತಾರೆ. ನ್ಯಾಯಾಲಯ ಬಿಟ್ಟುಕಳಿಸಿದ ಮೇಲೂ ಮೆಟ್ಟಿಲಿಳಿಯದೆ ನಿಂತು, ತಮ್ಮ ಪಾಲಿನ ಹೊಣೆ ಏನೂ ಬರಲಿಲ್ಲವಲ್ಲ ಎಂದು ಹುಡುಕುವವರು. ಅವರೊಡನೆ ಬಾಳುವುದು ಸುಲಭವಲ್ಲ, ಅವರಾಗಿ ಬಾಳುವುದಂತೂ ಇನ್ನೂ ಕಷ್ಟ. ನಿನ್ನೆ ಯಾರೂ ನೋಡದಿದ್ದುದನ್ನು ಇಂದು ನಾವೆಲ್ಲ ನೋಡಲೇಬೇಕೆಂದು ಕಾನೂನು ಕೇಳುವಾಗ, ಆ ಸಾಮಾನ್ಯ ವಿವೇಕಿಯ ಕಣ್ಣು ಅಷ್ಟರಮಟ್ಟಿಗೆ ತೆರೆದದ್ದು ಯಾರಿಂದ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಇಂಥವರಿಂದ ಎಂದು ನನಗನ್ನಿಸುತ್ತದೆ.