ಹಲ್ಲಿಗೆ ಸಿಗುವ ಸಕ್ಕರೆ

ಟಕಟಕ, ಟಕಟಕ. ತಗಡಿನ ಅಚ್ಚುಗಳನ್ನು ಮರದ ಹಲಗೆಯ ಮೇಲೆ ಕುಟ್ಟುವ ಸದ್ದು. ಅಚ್ಚಿಗೆ ತುಂಬಿದ ಚಾಕೊಲೇಟ್ ಸಮನಾಗಿ ಕೂರಲೆಂದು ಹಾಗೆ ಕುಟ್ಟುತ್ತಾರೆ. ಚಾಕೊಲೇಟಿಗೆ ಹೆಸರಾದ ಮೋದಿಕಾ ಊರಿನ ಕೆಳಪೇಟೆಯಲ್ಲಿ ಹಗಲೆಲ್ಲ ಅದೇ ಸದ್ದು. ಈಗ ಮಾತ್ರ ಸರಿರಾತ್ರಿ. ಕುಟ್ಟುತ್ತಿದ್ದವರು ಹಲಗೆಯ ಅಡಿಗೆ ಬಟ್ಟೆ ಹಾಸಿಕೊಂಡಿದ್ದರೆಂಬುದು ಸದ್ದಿನಲ್ಲೇ ತಿಳಿಯುತ್ತಿತ್ತು.

ರೊಸಾಲ್ಬಾ ಹಾಸಿಗೆಯಲ್ಲಿ ಎದ್ದು ಕೂತಳು. ಗಂಡ ಒರಾತ್ಸಿಯೊ ಗೋಡೆಗೆ ಮುಖ ಮಾಡಿ ಮಲಗಿದ್ದ. ದಿನವೂ ಕೇಳುವ ಗೊರಕೆ ಇರಲಿಲ್ಲ. ಬೆಳಗಾದರೆ ಇಗರ್ಜಿಯಲ್ಲಿ ಮಗಳು ದೇಲಿಯಾಳ ಪ್ರಥಮ ಪರಮಪ್ರಸಾದ. ಅವಳೊಂದಿಗೆ ಪ್ರಸಾದ ಸ್ವೀಕರಿಸುವ ಮಕ್ಕಳಿಗೆಲ್ಲ ಒಂದೊಂದು ಚಾಕೊಲೇಟ್ ಹಂಚುವುದು ಈ ಮನೆಯ ಹಳೆಯ ಪದ್ಧತಿ. ಅದೆಲ್ಲ ಯಾವತ್ತೋ ಸಿದ್ಧವಾಗಿದೆ ಎಂದು ಅತ್ತೆ ವೆನೆರಾ ಹೇಳಿದ್ದರು. ಹಾಗಿದ್ದರೆ ಈ ಹೊತ್ತಿನಲ್ಲಿ ಏನನ್ನು ಕುಟ್ಟುತ್ತಿದ್ದಾರೆ?

ಮನೆಯ ಕೆಳಗೆ, ಬಂಡೆ ಕೊರೆದು ಮಾಡಿದ ಕೋಣೆಯೇ ಅವರ ಕಾರ್ಖಾನೆ. ಇಳಿಯುವಾಗಲೇ ದಾಲ್ಚಿನ್ನಿಯ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ: ಹಳೆಯ ಹಿಟ್ಟಿನ ಡಬ್ಬ ತೆರೆದಾಗ ಬರುವ ಕಮಟು.

ತುಂಬಿ ಕುಟ್ಟಿದ ಅಚ್ಚುಗಳನ್ನು ಒತ್ತಟ್ಟಿಗೆ ಸರಿಸಿ, ವೆನೆರಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಜಿನೋವಾದ ಅಂಗಡಿಯಿಂದ ವಾಪಸಾದ ರಟ್ಟಿನ ಪೆಟ್ಟಿಗೆಗಳು. ಒಡೆದ ಚಾಕೊಲೇಟುಗಳ ಮೇಲೆ ಬಿಳಿಯ ಬಲೆ ಎಳೆಎಳೆಯಾಗಿ ಅಂಟಿತ್ತು. ಎಳೆಗಳಲ್ಲಿ ಪುಡಿಪುಡಿ ಹಿಕ್ಕೆ. ಬಿರುಕುಗಳಲ್ಲಿ ಕಂದು ತಲೆಯ, ಬೆಣ್ಣೆ ಬಣ್ಣದ ಹುಳುಗಳು ಮೈ ಮಡಚಿ ಬಿಚ್ಚುತ್ತಿದ್ದವು. ಅತ್ತೆ ಹೇರ್‌ಪಿನ್ನಿನಿಂದ ಒಂದೊಂದನ್ನೇ ಎಬ್ಬಿಸಿ ತೆಗೆದು ಏಪ್ರನ್ನಿಗೆ ಒರೆಸುತ್ತಿದ್ದರು. ಏಪ್ರನ್ನಿನ ಆ ಜಾಗ ಒದ್ದೆಯಾಗಿ ಮಿನುಗುತ್ತಿತ್ತು.

"ಯಾಕೆ ಎದ್ದು ಬಂದೆ? ಹೋಗಿ ಮಲಗು. ನಾಳೆ ಮುಖ ಊದಿಸ್ಕೊಂಡು ಫೋಟೋಕ್ಕೆ ನಿಲ್ತೀಯ."

"ಅತ್ತೆ, ಇದು ವಾಪಸ್ ಬಂದ ಮಾಲಲ್ವಾ? ಎಸೆದಾಯ್ತು ಅಂದ್ರಿ."

"ಇದು ಕೋಕೋ ಕಣೇ, ಕಸ ಅಲ್ಲ. ಎಸೆಯೋಕೆ ನಿಮ್ಮಪ್ಪ ತಂದು ಹಾಕಿದ್ನಾ?"

"ಹುಳ ಇದೆ."

"ಇತ್ತು. ತೆಗೀತಾ ಇದೀನಲ್ಲ. ನನ್ನ ಕಣ್ಣಿನ್ನೂ ಚೆನ್ನಾಗೇ ಇದೆ."

ಬಿಸಿನೀರಿನ ಮೇಲೆ ಇಟ್ಟ ಬೋಗುಣಿಯಲ್ಲಿ ಆಗಲೇ ಒಂದಷ್ಟು ಕರಗಿತ್ತು. ರೊಸಾಲ್ಬಾ ನೋಡುತ್ತಿದ್ದಂತೆ ಒಂದು ಹುಳು ಮೇಲಕ್ಕೆ ತೇಲಿತು. ಮೈಗೆಲ್ಲ ಚಾಕೊಲೇಟ್ ಮೆತ್ತಿಕೊಂಡು ನಿಧಾನವಾಗಿ ಹೊರಳಿತು. ಸತ್ತಿರಲಿಲ್ಲ.

"ಕುದಿಸಿಯಾದ್ರೂ ಮಾಡಿ!" ಎಂದಳು.

"ಕುದಿಸ್ಬೇಕಂತೆ! ಕಾಲೇಜು ಮೆಟ್ಟಿಲು ಹತ್ತಿದೋಳು ನೋಡು. ಕುದಿಸಿದ್ರೆ ಸಕ್ಕರೆ ಕರಗಲ್ವಾ? ಕರಗಿದ್ಮೇಲೆ ಅದು ನಮ್ಮ ಚಾಕೊಲೇಟಾ? ಟುರಿನ್‌ನೋರು ಮಾಡೋ ಬೆಣ್ಣೆ ಮುದ್ದೆ!"

"ಸೋಸಬಹುದಿತ್ತು."

"ಹರಳೆಲ್ಲ ಜರಡೀಲೇ ಉಳಿಯುತ್ತೆ. ಆಮೇಲೆ ನೀನು ಜರಡಿ ನೆಕ್ತೀಯ?"

ಅತ್ತೆ ಹೇಳುವುದೂ ನಿಜವೇ. ಇಲ್ಲಿಯ ಚಾಕೊಲೇಟನ್ನು ಮೈಬಿಸಿಗಿಂತ ಅಷ್ಟಿಷ್ಟು ಹೆಚ್ಚು ಕಾಯಿಸುತ್ತಾರೆ, ಅಷ್ಟೆ. ಸಕ್ಕರೆ ಹರಳು ಹರಳಾಗಿ ಹಲ್ಲಿಗೆ ಸಿಗಬೇಕು. ಊರಿನ ಹೆಮ್ಮೆ ಇರುವುದೇ ಆ ಕರಕರದಲ್ಲಿ. ಅಂಗಡಿಗೆ ಬಂದವರಿಗೆ ರೊಸಾಲ್ಬಾ ತಾನೇ ಎಷ್ಟೋ ಸಲ ಹೇಳಿದ್ದಳು: ಮೇಲಿನ ಬಿಳುಪು ನೋಡಿ ಹೆದರಬೇಡಿ, ಕರಕರ ಅಂದರೆ ಗಾಬರಿಯಾಗಬೇಡಿ, ಅಸಲಿಯ ಗುರುತೇ ಅದು. ಆ ಬಿಳುಪಿನಲ್ಲಿ ಬಲೆ ಎಷ್ಟಿತ್ತೋ, ಆ ಕರಕರದಲ್ಲಿ ಏನೇನು ಸೇರಿತ್ತೋ.

ವೆನೆರಾ ಬೆರಳದ್ದಿ ಕೆಳತುಟಿಗೆ ಮುಟ್ಟಿಸಿ ಬಿಸಿ ನೋಡಿದರು. ತುಟಿ ನೆಕ್ಕಿಕೊಂಡರು. ಅದೇ ಬೆರಳು ಮತ್ತೆ ಬೋಗುಣಿಗೆ ಇಳಿಯಿತು.

"ಮುಖ ಯಾಕೆ ಹಾಗೆ ಮಾಡ್ತೀಯ? ಹಿಂದೆ ಸನ್ಯಾಸಿನಿಯರು ಉಪವಾಸದ ಕಾಲದಲ್ಲಿ ದನದ ಮಾಂಸ ಅರೆದು, ಚಾಕೊಲೇಟಲ್ಲಿ ಕಲಸಿ, ಕಡುಬಿನೊಳಗೆ ಬಚ್ಚಿಟ್ಟು ಪಾದ್ರಿಗಳಿಗೆ ತಿನ್ನಿಸ್ತಿದ್ರಂತೆ. ಆ ಕಡುಬನ್ನ ಇವತ್ತಿಗೂ ನಾವೇ ಮಾರ್ತೀವಿ. ಸಿಹಿಯೊಳಗೆ ಚೂರು ಮಾಂಸ ಇದ್ರೆ ಈ ಊರಲ್ಲಿ ಯಾರೂ ಸತ್ತಿಲ್ಲ." ತಮ್ಮ ಮಾತಿಗೆ ತಾವೇ ನಕ್ಕರು. ಒಸಡು ಕಂದಾಗಿತ್ತು.

"ಇದು ನಾಳೆ ಮಕ್ಕಳಿಗಾ?"

"ಒಳ್ಳೇದು ಅಂಗಡೀಲಿದೆ, ಮಾರೋಕೆ. ಪುಕ್ಕಟೆ ಹಂಚೋಕೆ ಇಷ್ಟು ಸಾಕು."

"ನಾನು ಒರಾತ್ಸಿಯೊಗೆ ಹೇಳ್ತೀನಿ."

"ಹೇಳು. ಎಬ್ಬಿಸು ಹೋಗು. ಇಷ್ಟೊಂದು ಪೆಟ್ಟಿಗೆ ನಾನು ಹೊತ್ತು ಇಳಿಸಿದ್ನಾ, ಈ ಸೊಂಟ ಇಟ್ಕೊಂಡು?"

ರೊಸಾಲ್ಬಾ ಮೇಲೆ ಬಂದಳು. ಗಂಡನ ಬೆನ್ನು ಹಾಗೇ ಇತ್ತು.

"ಮಲ್ಕೋ ರೊಸಾ," ಎಂದ ಅವನು, ಗೋಡೆಯ ಕಡೆಗೇ ಮುಖವಿಟ್ಟು.

ಅವನ ಕೈ ತಾಗದಂತೆ ಅವಳು ಹಾಸಿಗೆಯ ಅಂಚಿಗೆ ಸರಿದಳು. ಬೆಳಿಗ್ಗೆ ಪಾದ್ರಿಗಳಿಗೆ ಹೇಳಿಬಿಡುವುದು, ಹಂಚುವುದನ್ನು ಅವರೇ ತಡೆಯಲಿ, ಮನೆ ಏನಾದರೂ ಆಗಲಿ. ಹಾಗೆಂದುಕೊಂಡ ಮೇಲೂ ನಿದ್ದೆ ಬರಲಿಲ್ಲ. ಮೈಮೇಲೆ ಏನೋ ಹರಿದಾಡಿದಂತೆ ಕೆರೆದುಕೊಳ್ಳುತ್ತಲೇ ಇದ್ದಳು.

ಬೆಳಿಗ್ಗೆ ದೇಲಿಯಾಳಿಗೆ ಬಿಳಿಯ ಉಡುಪು ತೊಡಿಸಿ, ಎಲ್ಲರಿಗಿಂತ ಮೊದಲೇ ಇಗರ್ಜಿಗೆ ಹೋದಳು. ಫಾದರ್ ಕೊರಾದೊ ಪಕ್ಕದ ಕೋಣೆಯಲ್ಲಿ ಪೂಜಾವಸ್ತ್ರ ತೊಡುತ್ತಿದ್ದರು.

"ಫಾದರ್, ಆ ಚಾಕೊಲೇಟ್ ವಿಷಯ..."

"ಬಂತು, ಬಂತು! ನಿಮ್ಮತ್ತೆ ಆಗಲೇ ಬುಟ್ಟಿ ಇಟ್ಟು ಹೋದ್ರು." ಅವರು ದನಿ ತಗ್ಗಿಸಿದರು. "ಒಂದು ತಿಂದುಬಿಟ್ಟೆ ಕಣಮ್ಮ. ಬಲಿಪೂಜೆಗೆ ಮುಂಚೆ ತಿನ್ನಬಾರದು, ಗೊತ್ತು. ಏನು ಮಾಡೋದು, ಈ ವರ್ಷ ಕರಕರ ಇನ್ನೂ ಚೆನ್ನಾಗಿದೆ. ಯಾರಿಗೂ ಹೇಳಬೇಡಿ, ಆಯ್ತಾ?"

ಅವರ ಮುಂಬಲ್ಲಿನ ಸಂದಿಯಲ್ಲಿ ಏನೋ ಒಂದು ಕಂದು ಚೂರು ಸಿಕ್ಕಿಕೊಂಡಿತ್ತು. ಅವಳು ಅದನ್ನೇ ನೋಡಿದಳು. ಹೇಳಬೇಕೆಂದು ಕೂಡಿಸಿಟ್ಟುಕೊಂಡ ಮಾತಿನ ಬದಲು ಬಾಯಿಗೆ ಹುಳಿನೀರು ಬಂತು. ಕರವಸ್ತ್ರ ಒತ್ತಿಕೊಂಡು ಹೊರಗೆ ಬಂದಳು. ಪೂಜೆಯುದ್ದಕ್ಕೂ, ಮುಗಿದ ಕೂಡಲೇ ಹೇಳುತ್ತೇನೆ ಎಂದುಕೊಳ್ಳುತ್ತ ಕೂತಳು.

ಪೂಜೆ ಮುಗಿಯುವಷ್ಟರಲ್ಲಿ ವೆನೆರಾ ಬುಟ್ಟಿ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದರು. ಮಕ್ಕಳು ಮುಗಿಬಿದ್ದರು. ಕಾಗದ ಹರಿಯುವ ಸದ್ದು, ಅದರ ಹಿಂದೆಯೇ ಹಲ್ಲುಗಳ ಸದ್ದು. ಒರಾತ್ಸಿಯೊ ಕ್ಯಾಮೆರಾ ಸರಿ ಮಾಡಿಕೊಳ್ಳುತ್ತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೇಲಿಯಾ ಬಾಯಿ ತೆರೆದಳು.

ರೊಸಾಲ್ಬಾ ಓಡಿಹೋಗಿ ಕಿತ್ತುಕೊಂಡಳು.

"ಅಮ್ಮಾ! ನಂದು ಅದು!"

"ಹಲ್ಲುನೋವು ಅಂದಿದ್ದೆಯಲ್ಲ."

"ಇಲ್ಲ, ನನಗೆ ಯಾವ ಹಲ್ಲೂ ನೋಯ್ತಿಲ್ಲ!"

"ನೋಯುತ್ತೆ. ಸುಮ್ಮನಿರು."

ಪಕ್ಕದಲ್ಲಿದ್ದ ಮಿರೆಲ್ಲಾ ಎದುರುಮನೆಯ ಹುಡುಗಿ, ದೇಲಿಯಾಳ ಜೀವದ ಗೆಳತಿ. ತನ್ನದನ್ನು ಪಟ್ಟನೆ ಎರಡು ಮಾಡಿ ಅರ್ಧ ಚಾಚಿದಳು. "ತಗೋ, ಅಳಬೇಡ."

ರೊಸಾಲ್ಬಾಳ ಕೈ ಮಗಳ ಕೈಗಿಂತ ಮುಂಚೆ ಆ ಚೂರನ್ನು ಹಿಡಿಯಿತು. ಮುರಿದ ಅಂಚಿನಲ್ಲಿ ಸಕ್ಕರೆಯ ಹರಳುಗಳು ಹೊಳೆಯುತ್ತಿದ್ದವು. ನಡುವೆ ಹೊಳೆಯದ್ದೂ ಒಂದಿತ್ತು. ಒಂದು ಮಾತು ಸಾಕಿತ್ತು. ಸುತ್ತಲೂ ಊರೇ ಇತ್ತು. ಮಿರೆಲ್ಲಾಳ ತಾಯಿ ದೂರದಿಂದ ಕೈಬೀಸಿ ನಗುತ್ತಿದ್ದಳು.

"ಬೇಡ ಪುಟ್ಟಿ, ನೀನೇ ತಿನ್ನು," ಎಂದು ರೊಸಾಲ್ಬಾ ಚೂರನ್ನು ಮಿರೆಲ್ಲಾಳ ಕೈಗೇ ವಾಪಸ್ಸಿಟ್ಟಳು.

ಮಿರೆಲ್ಲಾ ತಿಂದಳು. ಕರಕರ ಕೇಳಿಸಿತು.

ಮೆಟ್ಟಿಲ ಮೇಲಿಂದ ವೆನೆರಾ ಎಲ್ಲವನ್ನೂ ನೋಡಿದ್ದರು. ಅವರು ಸೊಸೆಯತ್ತ ಮೆಲ್ಲಗೆ ತಲೆಯಾಡಿಸಿದರು. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಸಿಗದ ಮೆಚ್ಚುಗೆ ಆ ನೋಟದಲ್ಲಿತ್ತು. ರೊಸಾಲ್ಬಾಳಿಗೆ ತನ್ನ ಚರ್ಮದ ಮೇಲೇ ಹೇಸಿಗೆಯಾಯಿತು.

ಕಿತ್ತುಕೊಂಡ ಚಾಕೊಲೇಟ್ ಮುಷ್ಟಿಯೊಳಗೆ ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು.

"ಏನದು ಕೈಯಲ್ಲಿ?" ಎಂದ ಒರಾತ್ಸಿಯೊ, ಗೊತ್ತಿದ್ದೂ.

"ಏನಿಲ್ಲ."

ಮಿರೆಲ್ಲಾಳ ತಾಯಿಗಾಗಲಿ, ಫಾದರಿಗಾಗಲಿ, ಪಾಪನಿವೇದನೆಯ ಜಾಲರಿಯ ಮುಂದೆಯಾಗಲಿ, ನಾಳೆ ದೊಡ್ಡವಳಾಗಿ ಕೇಳಿದರೆ ದೇಲಿಯಾಳಿಗಾಗಲಿ, ಇದನ್ನು ಹೇಳುವುದಿಲ್ಲವೆಂದು ಅವಳು ಅಲ್ಲಿಯೇ ತೀರ್ಮಾನಿಸಿದಳು. ಅಂಗೈಯನ್ನು ಲಂಗದ ಒಳಮಡಿಕೆಗೆ ಒರೆಸಿಕೊಂಡು, ಫೋಟೋಕ್ಕೆಂದು ಅತ್ತೆಯ ಪಕ್ಕ ಹೋಗಿ ನಿಂತಳು.